ಆಟ ಬಂತು, ಕ್ಯಾಡಿ ಬರಲಿಲ್ಲ

ಸಹೋದರಿಯರೇ, ಈ ತಿಂಗಳ ಮಾತು ಗಾಲ್ಫ್ ಆಟದ ಬಗ್ಗೆ. ನಗಬೇಡಿ. ನಮ್ಮ ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಕೊಡ ಹಿಡಿದು ಸರತಿಯಲ್ಲಿ ನಿಂತ ನೆನಪು ನಮ್ಮ ಮನೆಗಳ ಎಲ್ಲ ಹೆಂಗಸರಿಗೂ ಇದೆ. ಇಂಥ ಊರಿನಲ್ಲಿ ಕುಳಿತು, ನೂರಕ್ಕೂ ಹೆಚ್ಚು ಎಕರೆ ಹುಲ್ಲಿಗೆ ನೀರು ಬಿಟ್ಟು ಆಡುವ ಆಟದ ಕಥೆ ನಮಗೇಕೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಹುಟ್ಟುವಾಗ ಮಾತ್ರ ಅದು ದೊಡ್ಡವರ ಆಟವಾಗಿರಲಿಲ್ಲವಂತೆ. ಸ್ಕಾಟ್ಲೆಂಡಿನ ಸಮುದ್ರ ತೀರದಲ್ಲಿ ಕುರಿ ಮೇಯುತ್ತಿದ್ದ ಬಯಲಿನಲ್ಲಿ ಅದು ಬೆಳೆಯಿತು ಎನ್ನುತ್ತಾರೆ. ಆ ಲೆಕ್ಕಕ್ಕೆ ನಮ್ಮ ಅಮೃತಮಹಲ್ ಕಾವಲುಗಳೂ ಒಳ್ಳೆಯ ಮೈದಾನಗಳೇ, ಕುರಿಗಳೂ ಬೇಕಾದಷ್ಟಿವೆ!

ನಾನು ಹೇಳಹೊರಟಿರುವುದು ಆಟದ ಸೊಬಗನ್ನಲ್ಲ. 2020ರಲ್ಲಿ ಆ ಆಟ ನಿಂತುಹೋದಾಗ ಯಾರ ಮನೆಯ ಒಲೆ ಆರಿತು ಎಂಬುದನ್ನು. ಆ ಮನೆಯ ಲೆಕ್ಕ ನಿಮಗೆ ಹೊಸದೆನಿಸಲಾರದು, ಅದರಲ್ಲೂ ಮೊಳಕಾಲ್ಮೂರಿನ ಮಗ್ಗದ ಮನೆಗಳ ಓದುಗರಿಗೆ.

ಮೊದಲು ಈ ಆಟದಲ್ಲಿ ದುಡ್ಡು ಹೇಗೆ ಹುಟ್ಟುತ್ತದೆಂದು ತಿಳಿಯಬೇಕು. ಕ್ರಿಕೆಟಿಗನಿಗೆ ಮಂಡಳಿಯ ಗುತ್ತಿಗೆ ಇರುತ್ತದೆ, ಪಂದ್ಯ ಸೋತರೂ ಶುಲ್ಕ ಸಿಗುತ್ತದೆ. ಗಾಲ್ಫ್ ವೃತ್ತಿಪರನಿಗೆ ಸಂಬಳವೇ ಇಲ್ಲ. ನಮ್ಮ ದೇಶದಲ್ಲಿ 2006ರಲ್ಲಿ ಶುರುವಾದ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ ಎಂಬ ಸಂಸ್ಥೆ ವರ್ಷವಿಡೀ ಊರಿಂದೂರಿಗೆ ಪಂದ್ಯಾವಳಿ ನಡೆಸುತ್ತದೆ. ಇಂದು ಬೆಂಗಳೂರು, ಮುಂದಿನ ವಾರ ಹೈದರಾಬಾದ್, ಆಮೇಲೆ ಕೋಲ್ಕತ, ಚಂಡೀಗಢ. ಒಂದೊಂದು ಪಂದ್ಯಾವಳಿಗೂ ಸುಮಾರು 120 ಜನ ಬರುತ್ತಾರೆ. ರೈಲು, ಬಸ್ಸು, ಊಟ, ವಸತಿ ಎಲ್ಲ ಅವರವರ ಖರ್ಚು. ಎರಡು ದಿನ ಆಡಿದ ಮೇಲೆ ಸುಮಾರು 50 ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಕಳಿಸಿಬಿಡುತ್ತಾರೆ. ಇದಕ್ಕೆ 'ಕಟ್' ಎಂದು ಹೆಸರು. ಕಟ್ ದಾಟದವನ ಕೈಗೆ ಬರುವುದು ಹೋಟೆಲಿನ ಬಿಲ್ಲು ಮಾತ್ರ. ದಾಟಿದವರೊಳಗೂ ಮೇಲಿನ ಕೆಲವರದಷ್ಟೇ ದೊಡ್ಡ ಮೊತ್ತ.

ಇವನ ಹಿಂದೆ ಚೀಲ ಹೊತ್ತು ನಡೆಯುವವನೇ ಕ್ಯಾಡಿ. ಚೀಲದಲ್ಲಿ ಹೆಚ್ಚೆಂದರೆ 14 ಕೋಲುಗಳಿರಬಹುದು, ನಿಯಮ ಹಾಗಿದೆ. ಒಂದು ಸುತ್ತಿಗೆ 18 ಕುಳಿ, ಏಳೆಂಟು ಕಿಲೋಮೀಟರ್ ನಡಿಗೆ, ನಾಲ್ಕೈದು ಗಂಟೆ ಬಿಸಿಲು. ಆದರೆ ಕ್ಯಾಡಿ ಬರೀ ಕೂಲಿಯವನಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ, ಹುಲ್ಲು ಯಾವ ಕಡೆ ಬಾಗಿದೆ, ಚೆಂಡು ಎಷ್ಟು ದೂರ ಹೋಗಬೇಕು ಎಂಬುದೆಲ್ಲ ಅವನಿಗೆ ಗೊತ್ತು. ಒಬ್ಬೊಬ್ಬರೇ ಆಡುವ ಪಂದ್ಯದಲ್ಲಿ ಆಟಗಾರ ಸಲಹೆ ಕೇಳಬಹುದಾದ ವ್ಯಕ್ತಿ ಅವನೊಬ್ಬನೇ. ಬೇರೆ ಯಾರನ್ನಾದರೂ ಕೇಳಿದರೆ ದಂಡ ಬೀಳುತ್ತದೆ. ಇಷ್ಟೆಲ್ಲ ತಿಳಿದವನಿಗೆ ಸಿಗುವುದು ಸುತ್ತಿಗಿಷ್ಟು ಎಂಬ ಹಣ. ಪಂದ್ಯಾವಳಿಯಾದರೆ ಬಹುಮಾನದಲ್ಲಿ ಒಂದು ಪಾಲು, ಅದೂ ಆಟಗಾರ ಗೆದ್ದರೆ. ಕ್ಲಬ್ಬಿನ ರಿಜಿಸ್ಟರಿನಲ್ಲಿ ಅವನಿಗೊಂದು ನಂಬರ್ ಇರುತ್ತದೆ, ಆದರೆ ಸಾಮಾನ್ಯವಾಗಿ ಅವನು ಕ್ಲಬ್ಬಿನ ನೌಕರನಲ್ಲ. ಬೆಳಿಗ್ಗೆ ಬಂದು ಕುಳಿತು ಯಾರಾದರೂ ಕರೆದರೆ ಕೆಲಸ, ಕರೆಯದಿದ್ದರೆ ಮನೆಗೆ.

ಈ ಸಾಲಿನಿಂದ ಎದ್ದು ಬಂದವರ ಹೆಸರುಗಳನ್ನು ನಮ್ಮ ಮಕ್ಕಳಿಗೆ ಹೇಳಬೇಕು. ದಿಲ್ಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಅದೇ ಮೈದಾನದಲ್ಲಿ ಇಂಡಿಯನ್ ಓಪನ್ ಗೆದ್ದರು. ಅದಕ್ಕೂ ಮೊದಲು 1965ರಲ್ಲಿ ಬಿಲ್ಲೂ ಸೇಥಿ ಗೆದ್ದಿದ್ದರು, ಆದರೆ ಅವರು ಹವ್ಯಾಸಿ ಆಟಗಾರರು. ಹೊಟ್ಟೆಪಾಡಿಗಾಗಿ ಗಾಲ್ಫ್ ಆಡಿದ ಭಾರತೀಯನೊಬ್ಬ ಆ ಬಹುಮಾನ ಎತ್ತಿದ್ದು ಅದೇ ಮೊದಲು. 1993ರಲ್ಲಿ ಅವರೇ ಮತ್ತೊಮ್ಮೆ ಗೆದ್ದರು. ಚೀಲ ಹೊರುತ್ತಿದ್ದವನ ಚೀಲವನ್ನು ಇನ್ನೊಬ್ಬ ಹೊರುವಂತಾಯಿತು. ಅವರ ನಂತರ ಅದೇ ದಿಲ್ಲಿಯಿಂದ ಶಮೀಮ್ ಖಾನ್ ಬಂದರು, ರಶೀದ್ ಖಾನ್ ಬಂದರು. ನಮ್ಮ ರಾಜ್ಯದಲ್ಲಿ ಬಿಡದಿ ಕಡೆಯ ಹಳ್ಳಿಯ ಬಡ ಮನೆಯ ಹುಡುಗ ಚಿಕ್ಕರಂಗಪ್ಪ, ಊರ ಪಕ್ಕದ ಈಗಲ್‌ಟನ್ ಮೈದಾನದಲ್ಲಿ ಆಟ ಕಲಿತು 2015ರಲ್ಲಿ ದೇಶದ ಟೂರ್‌ನ ಗಳಿಕೆಯ ಪಟ್ಟಿಯಲ್ಲಿ ಮೊದಲಿಗನಾದ. ಗಾಲ್ಫ್ ಎಂದರೆ ಬರೀ ಬಿಳಿ ಟೋಪಿಯ ಸಾಹೇಬರ ಆಟವೆಂದು ತಿಳಿದವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಇನ್ನು 2020ರ ಮಾರ್ಚ್ ತಿಂಗಳಿಗೆ ಬರೋಣ.

ಮಾರ್ಚ್ 12ರಂದು ಅಮೆರಿಕದ ಫ್ಲಾರಿಡಾದಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಎಂಬ ಭಾರೀ ಪಂದ್ಯಾವಳಿ ಆರಂಭವಾಯಿತು. ಮೊದಲ ದಿನದ ಆಟ ಮುಗಿದ ರಾತ್ರಿಯೇ ಕೋವಿಡ್ ಕಾರಣದಿಂದ ರದ್ದಾಯಿತು. ಆಯೋಜಕರು ಏನು ಮಾಡಿದರು ಗೊತ್ತೇ? ಬಹುಮಾನದ ಅರ್ಧ ಹಣವನ್ನು ಬಂದಿದ್ದ ಎಲ್ಲ ಆಟಗಾರರಿಗೂ ಸಮನಾಗಿ ಹಂಚಿದರು. ಒಂದು ದಿನದ ಆಟಕ್ಕೆ ತಲಾ ಸುಮಾರು 52,000 ಡಾಲರ್, ಆಗಿನ ನಮ್ಮ ಲೆಕ್ಕದಲ್ಲಿ 38 ಲಕ್ಷ ರೂಪಾಯಿ! ಅದೇ ತಿಂಗಳ 19ರಿಂದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ನಮ್ಮ ಇಂಡಿಯನ್ ಓಪನ್ ಮುಂದೂಡಲ್ಪಟ್ಟು, ಆಮೇಲೆ ರದ್ದಾಗಿ, ಮತ್ತೆ ನಡೆದದ್ದು 2023ರ ಫೆಬ್ರವರಿಯಲ್ಲಿ. ಹೆಂಗಸರ ಇಂಡಿಯನ್ ಓಪನ್ 2020ರಲ್ಲೂ ಇಲ್ಲ, 2021ರಲ್ಲೂ ಇಲ್ಲ, 2022ರ ಅಕ್ಟೋಬರಿನಲ್ಲಿ ಮರಳಿತು. ಹಂಚುವುದಕ್ಕೆ ಅರ್ಧ ಬಹುಮಾನವೂ ಇಲ್ಲಿ ಇರಲಿಲ್ಲ, ಏಕೆಂದರೆ ಆಟವೇ ಆರಂಭವಾಗಿರಲಿಲ್ಲ. ದೇಶದ ಟೂರ್ ಮಾರ್ಚ್‌ನಲ್ಲಿ ನಿಂತಿದ್ದು ನವೆಂಬರ್ 2020ರವರೆಗೆ ಏಳಲಿಲ್ಲ. ಎದ್ದ ಮೇಲೂ 2021ರ ಬೇಸಿಗೆಯ ಎರಡನೇ ಅಲೆ ಅದನ್ನು ಮತ್ತೆ ಕೂರಿಸಿತು. ಕೊನೆಗೆ ಎರಡು ವರ್ಷಗಳ ಆಟವನ್ನು ಸೇರಿಸಿ ಒಂದೇ ಋತುವೆಂದು ಲೆಕ್ಕ ಹಾಕಿದರು.

ಇದರ ನಡುವೆ ರಶೀದ್ ಖಾನ್ ಕಥೆ ಸ್ವಲ್ಪ ನಿಧಾನವಾಗಿ ಕೇಳಿ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ಹುಡುಗ. 2014ರಲ್ಲಿ ಏಷ್ಯನ್ ಟೂರ್‌ನ ಎರಡು ಪಂದ್ಯಾವಳಿ ಗೆದ್ದವನು. 2019ರಲ್ಲಿ ದೇಶದ ಟೂರ್‌ನ ಗಳಿಕೆಯಲ್ಲಿ ಮೊದಲಿಗ. 2020 ಆರಂಭವಾದಾಗ ವಿಶ್ವ ರ‍್ಯಾಂಕಿಂಗ್‌ನಲ್ಲಿ ಭಾರತೀಯರ ಪೈಕಿ ಎಲ್ಲರಿಗಿಂತ ಮೇಲಿದ್ದ, ಟೋಕಿಯೊ ಒಲಿಂಪಿಕ್ಸ್ ಹತ್ತಿರದಲ್ಲೇ ಕಾಣುತ್ತಿತ್ತು. ಆಗ ಎಲ್ಲ ನಿಂತಿತು. ರ‍್ಯಾಂಕಿಂಗ್ ಪಟ್ಟಿಯನ್ನೂ ಕೆಲವು ವಾರ ಇದ್ದಲ್ಲೇ ನಿಲ್ಲಿಸಿದರು. ಆದರೆ ಜೂನ್ 2020ರಲ್ಲಿ ಅಮೆರಿಕದ ಟೂರ್ ಮತ್ತೆ ಆರಂಭವಾದ ಕೂಡಲೇ ಪಟ್ಟಿಯೂ ಚಲಿಸತೊಡಗಿತು. ಏಷ್ಯನ್ ಟೂರ್ ಮಾತ್ರ ಮಾರ್ಚ್ 2020ರಲ್ಲಿ ಮಲೇಷ್ಯಾದಲ್ಲಿ ಬಾಗಿಲು ಹಾಕಿದ್ದು, ನವೆಂಬರ್ 2021ರಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ತೆರೆಯಿತು. ಇಪ್ಪತ್ತು ತಿಂಗಳು! ಆಡಲು ಮೈದಾನವಿದ್ದವನು ಅಂಕ ಗಳಿಸುತ್ತಾ ಹೋದ, ಇಲ್ಲದವನ ಹಳೆಯ ಅಂಕಗಳು ಸವೆಯುತ್ತಾ ಬಂದವು. ಟೋಕಿಯೊಗೆ ಹೋದವರು ಅನಿರ್ಬನ್ ಲಾಹಿರಿ ಮತ್ತು ಉದಯನ್ ಮಾನೆ. ಅವರಿಬ್ಬರೂ ಯೋಗ್ಯರೇ, ಅದರಲ್ಲಿ ಎರಡು ಮಾತಿಲ್ಲ. ರಶೀದ್ ಮನೆಯಲ್ಲೇ ಉಳಿದ. ಆ ಮೊದಲು ದೇಶದೊಳಗೆ ಆಡಲು ಸಿಕ್ಕ ಕೆಲವು ಅವಕಾಶಗಳಲ್ಲಿ ಅವನಿಗೆ ಸಾಕಷ್ಟು ಅಂಕ ದೊರೆಯಲಿಲ್ಲ ಎಂಬುದೂ ನಿಜ. ಆದರೆ ಒಬ್ಬರ ಅಂಗಡಿ ತೆರೆದು ಇನ್ನೊಬ್ಬರದು ಮುಚ್ಚಿರುವಾಗ ಇಬ್ಬರ ವ್ಯಾಪಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎಂಥ ನ್ಯಾಯ ಎಂದು ನನಗೆ ಈಗಲೂ ಅನಿಸುತ್ತದೆ.

ರಶೀದನಿಗಾದರೂ ಹೆಸರಿದೆ, ಪತ್ರಿಕೆಗಳು ಬರೆದವು. ಕ್ಯಾಡಿಯ ಬಗ್ಗೆ ಬರೆದವರು ಕಡಿಮೆ.

ಮಾರ್ಚ್ 25ರಿಂದ ದೇಶವೇ ಮುಚ್ಚಿತು, ಮೈದಾನಗಳೂ ಮುಚ್ಚಿದವು. ಹುಲ್ಲು ಮಾತ್ರ ಲಾಕ್‌ಡೌನ್ ಕೇಳುವುದಿಲ್ಲ. ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು ದಿನವೂ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸದಿದ್ದರೆ ಕೆಲವೇ ವಾರಗಳಲ್ಲಿ ಅದು ಕೆಡುತ್ತದೆ. ಆದ್ದರಿಂದ ಹುಲ್ಲು ನೋಡಿಕೊಳ್ಳಲು ಕೆಲವು ಕೆಲಸಗಾರರನ್ನು ಉಳಿಸಿಕೊಳ್ಳಬೇಕಾಯಿತು. ಹುಲ್ಲಿಗೆ ಆಳು ಬೇಕಿತ್ತು, ಚೀಲಕ್ಕೆ ಬೇಡವಾಗಿತ್ತು. ಬೇಸಿಗೆಯ ಕೊನೆಗೆ ಮೈದಾನಗಳು ಒಂದೊಂದಾಗಿ ತೆರೆದಾಗ ಹೊಸ ನಿಯಮಗಳು ಬಂದವು. ಬಾವುಟದ ಕೋಲು ಮುಟ್ಟಬಾರದು, ಮರಳು ಸರಿಪಡಿಸುವ ಹಲುಬೆ ಮುಟ್ಟಬಾರದು, ಒಬ್ಬರ ಕೋಲನ್ನು ಇನ್ನೊಬ್ಬರು ಮುಟ್ಟಬಾರದು. ಇನ್ನೊಬ್ಬರ ಕೋಲು ಮುಟ್ಟುವುದೇ ಕ್ಯಾಡಿಯ ಕೆಲಸ ತಾನೇ! ಅನೇಕ ಕಡೆ ಮೊದಲಿಗೆ ಕ್ಯಾಡಿಗಳಿಲ್ಲದೆಯೇ ಆಟ ಆರಂಭವಾಯಿತು. ಚೀಲವನ್ನು ಚಕ್ರದ ಗಾಡಿಗೆ ಕಟ್ಟಿಕೊಂಡು ಸಾಹೇಬರು ತಾವೇ ಎಳೆದರು. ಅಮೆರಿಕದ ಹೆಂಗಸರ ಟೂರ್ ಕೂಡ ಆ ಬೇಸಿಗೆಯಲ್ಲಿ ಮತ್ತೆ ಶುರುವಾದಾಗ ಕ್ಯಾಡಿ ಕಡ್ಡಾಯವಲ್ಲ ಎಂದಿತು. ಆಟ ಬಂತು, ಕ್ಯಾಡಿ ಬರಲಿಲ್ಲ. ಕೆಲವೆಡೆ ಕ್ಲಬ್ ಸದಸ್ಯರು ಚಂದಾ ಎತ್ತಿ ರೇಷನ್ ಕಿಟ್ ಹಂಚಿದರು, ಕೆಲವರು ತಾವು ಬಲ್ಲ ಕ್ಯಾಡಿಗೆ ತಿಂಗಳಿಗಿಷ್ಟು ಎಂದು ಕಳಿಸಿದರು. ಅಲ್ಲಾಹನು ಅವರಿಗೆ ಒಳ್ಳೆಯದನ್ನೇ ನೀಡಲಿ. ಆದರೆ ಹೆಸರು ಗೊತ್ತಿದ್ದವನಿಗೆ ಮಾತ್ರ ಅದು ತಲುಪಿತು.

ಸರ್ಕಾರದ ಕಡೆಯಿಂದ? 2020ರ ಮೇ 6ರಂದು ನಮ್ಮ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಆಟೊ, ಟ್ಯಾಕ್ಸಿ ಚಾಲಕರಿಗೆ, ಮಡಿವಾಳರಿಗೆ, ಕ್ಷೌರದವರಿಗೆ ತಲಾ 5,000. ಕೈಮಗ್ಗ ನೇಕಾರರ ಖಾತೆಗೆ 2,000. 2021ರ ಮೇನಲ್ಲಿ ಮತ್ತೆ 1,250 ಕೋಟಿ ಎಂದಾಗ ದರ್ಜಿ, ಹಮಾಲಿ, ಕುಂಬಾರ, ಕಮ್ಮಾರ, ಮನೆಗೆಲಸದ ಹೆಂಗಸರು ಎಂದು ಪಟ್ಟಿ ಉದ್ದವಾಯಿತು. ಕ್ಯಾಡಿ ಎಂಬ ಹೆಸರು ಆ ಘೋಷಣೆಗಳಲ್ಲಿ ಇರಲಿಲ್ಲ. ಅಚ್ಚರಿಯೇನೂ ಇಲ್ಲ. ಅಂಥದೊಂದು ಕೆಲಸ ಇದೆಯೆಂದೇ ಎಷ್ಟು ಜನರಿಗೆ ಗೊತ್ತು?

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಹೋದರೆ ಮೊಳಕಾಲ್ಮೂರು ದೂರವಿಲ್ಲ. ಅಲ್ಲಿನ ರೇಷ್ಮೆ ಸೀರೆಗೆ ದೇಶದ ಭೌಗೋಳಿಕ ಗುರುತು ಸಿಕ್ಕಿದೆ, ಮದುವೆ ಜವಳಿಯಲ್ಲಿ ಅದಿಲ್ಲದಿದ್ದರೆ ನಮ್ಮ ಕಡೆಯ ಬೀಗರು ಮುಖ ಸಿಂಡರಿಸುತ್ತಾರೆ. ಮಗ್ಗದ ಕೂಲಿ ದಿನಕ್ಕಲ್ಲ, ಸೀರೆಗೆ. ನೂಲು ಮಾಲೀಕನದು, ಕೈ ನೇಕಾರನದು. ದಿನಗಟ್ಟಲೆ ಕುಳಿತು ಸೀರೆ ಮುಗಿಸಿ ಕೊಟ್ಟಾಗ ಹಣ. ಸೀರೆ ನಿಂತರೆ ಕೂಲಿಯೂ ಇಲ್ಲ. ಕ್ಯಾಡಿಗೆ ಸುತ್ತು ಹೇಗೋ ನೇಕಾರನಿಗೆ ಸೀರೆ ಹಾಗೆ. ಇಬ್ಬರಿಗೂ ದುಡಿಮೆಯ ಋತು ಎಂಬುದೊಂದಿದೆ. ಮಾರ್ಚ್‌ನಿಂದ ಮೇವರೆಗಿನ ಮದುವೆ ಕಾಲದ ದುಡಿಮೆಯಲ್ಲಿ ಆಷಾಢದ ಊಟವೂ ಬರಬೇಕು. 2020ರಲ್ಲಿ ಆ ಮೂರು ತಿಂಗಳನ್ನೇ ಬೀಗ ಹಾಕಿ ಮುಚ್ಚಲಾಯಿತು. ಮದುವೆಗಳು ಮುಂದೆ ಹೋದವು ಅಥವಾ ಐವತ್ತು ಜನರೊಳಗೆ ಮುಗಿದವು. ಸಂತೆ ನಿಂತಿತು. ಚಳ್ಳಕೆರೆಯ ಕಡೆ ಉಣ್ಣೆ ನೂತು ಕಂಬಳಿ ನೇಯುವವರ ಕಂಬಳಿಗಳೂ ಮನೆಯಲ್ಲೇ ಉಳಿದವು. ಆ ವರ್ಷದ ರಮಝಾನ್ ಲಾಕ್‌ಡೌನ್‌ನೊಳಗೇ ಬಂದು ಲಾಕ್‌ಡೌನ್‌ನೊಳಗೇ ಮುಗಿಯಿತು, ಈದ್ ನಮಾಝನ್ನೂ ಮನೆಯಲ್ಲೇ ನಿರ್ವಹಿಸಿದ್ದು ನಿಮಗೆ ನೆನಪಿರಬಹುದು.

ನೇಕಾರನ ಹೆಸರು ಪಟ್ಟಿಯಲ್ಲಿತ್ತು ಎಂದು ಸಮಾಧಾನಪಡುವ ಮೊದಲು ಒಂದು ವಿಷಯ ಯೋಚಿಸಿ. ಮಗ್ಗದ ಗುಂಡಿಯಲ್ಲಿ ಕೂರುವವನು ಒಬ್ಬ, ಅವನ ಲಾಳಿಗೆ ಕಂಡಿಕೆ ಸುತ್ತಿ ಕೊಡುವವಳು ಇನ್ನೊಬ್ಬಳು. ಹಾಸು ಹೂಡುವಾಗ ಎಳೆ ಎಳೆ ಎಣಿಸಿ ಹಿಡಿಯುವವಳು, ತುಂಡಾದ ಎಳೆಯನ್ನು ಗಂಟು ಹಾಕುವವಳು, ಮುಗಿದ ಸೀರೆಯ ದಾರ ಕತ್ತರಿಸುವವಳು ಅವಳೇ. 2019-20ರ ಕೈಮಗ್ಗ ಗಣತಿಯಲ್ಲಿ ದೇಶದ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರ ಪೈಕಿ 8 ಲಕ್ಷಕ್ಕೂ ಹೆಚ್ಚು ಜನ ಇಂಥ ಪೂರಕ ಕೆಲಸದವರು, ಒಟ್ಟು ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು ಎಂದು ತಿಳಿದುಬಂತು. ಅದು ದೇಶದ ಗಣತಿ. ಮನೆಯ ಗಣತಿಯಲ್ಲಿ? "ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಾರೆ?" ಎಂದು ಕೇಳಿದರೆ ನಮ್ಮ ಗಂಡಸರು ಹೇಳುವ ಉತ್ತರ, "ಏನಿಲ್ಲ, ಮನೆಯಲ್ಲೇ ಇರ್ತಾಳೆ." ಆ 2,000 ರೂಪಾಯಿ ಬಂದದ್ದು ನೇಕಾರರೆಂದು ಬರೆಸಿಕೊಂಡವರ ಖಾತೆಗೆ. ಕಂಡಿಕೆಯವಳು ಮನೆಯೊಳಗಿನ ಕ್ಯಾಡಿ. ಲಾಳಿ ಓಡುವುದು ಅವಳಿಂದ, ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಹೆಸರು ಕಾಣುವುದರಿಂದ ಏನಾಗುತ್ತದೆ ಎನ್ನುವುದಕ್ಕೆ ಅದೇ ಗಾಲ್ಫ್‌ನ ಇನ್ನೊಂದು ದೃಶ್ಯವಿದೆ. ಬೆಂಗಳೂರಿನ ಅದಿತಿ ಅಶೋಕ್ ಐದು ವರ್ಷದ ಮಗುವಾಗಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ನೋಡಿ ಹಟ ಹಿಡಿದು ಆಟ ಕಲಿತವಳು. ಅವಳ ತಂದೆತಾಯಿಗೆ ಗಾಲ್ಫ್ ಗೊತ್ತೇ ಇರಲಿಲ್ಲ, ಮಗಳೊಂದಿಗೆ ಕಲಿತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ ಚೀಲ ಹೊತ್ತರು. ಟೋಕಿಯೊದಲ್ಲಿ ತಾಯಿ ಮಹೇಶ್ವರಿ. ಅದಿತಿಗೆ ಅದಕ್ಕೂ ಕೆಲವೇ ವಾರಗಳ ಮೊದಲು ಕೋವಿಡ್ ಬಂದು ಹೋಗಿತ್ತು. ದೇಹದಲ್ಲಿ ಕಸುವಿರಲಿಲ್ಲ, ಚೆಂಡು ಹಿಂದಿನಷ್ಟು ದೂರ ಹೋಗುತ್ತಿರಲಿಲ್ಲ. ಎದುರಾಳಿಗಳ ಚೆಂಡು ಎಷ್ಟೋ ಮುಂದೆ ಬಿದ್ದಿರುತ್ತಿತ್ತು. ಅವಳು ಹಿಂದಿನಿಂದ ಹೊಡೆದು, ಕುಳಿಯ ಹತ್ತಿರದ ನಿಖರತೆಯಲ್ಲಿ ಆ ಅಂತರವನ್ನು ತುಂಬಿಕೊಂಡಳು. 2021ರ ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳೂ ಟಿ.ವಿ. ಹಾಕಿ ಕುಳಿತವು. ನಾಲ್ಕು ದಿನ ಆಡಿ, ಕೇವಲ ಒಂದು ಹೊಡೆತದಿಂದ ಪದಕದ ಸಾಲು ತಪ್ಪಿ ಅವಳು ನಾಲ್ಕನೆಯವಳಾದಳು. ಅಂದು ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದದ್ದರಿಂದ ಅವಳ ಸುದ್ದಿ ಹಿಂದೆ ಸರಿಯಿತು. ಆದರೆ ಚೀಲ ಹೊತ್ತ ತಾಯಿಯನ್ನು ನೋಡಿದ ಮೇಲೆ ನಮ್ಮ ಎಷ್ಟೋ ಜನರಿಗೆ ಕ್ಯಾಡಿ ಎಂಬ ಪದ ತಿಳಿಯಿತು.

ನವೆಂಬರ್ 2020ರಲ್ಲಿ ದೇಶದ ಟೂರ್ ಮತ್ತೆ ನಡೆದಾಗ ಪ್ರೇಕ್ಷಕರಿರಲಿಲ್ಲ, ಪರೀಕ್ಷೆ ಮಾಡಿಸಿಕೊಂಡೇ ಒಳಗೆ ಹೋಗಬೇಕಿತ್ತು. ಕ್ರಮೇಣ ಚೀಲಗಳು ಹೆಗಲಿಗೆ ಮರಳಿದವು, ಮಗ್ಗಗಳೂ ಸದ್ದು ಮಾಡಿದವು. ನಡುವಿನ ತಿಂಗಳುಗಳ ಸಾಲ ಮಾತ್ರ ಹಾಗೇ ಉಳಿಯಿತು. ಓಲೆ, ಬಳೆ ಅಡವಿಟ್ಟು ಬಡ್ಡಿಗೆ ತಂದದ್ದು ತೀರಲು ಎಷ್ಟು ಸೀರೆ ಬೇಕಾದವೆಂದು ನಿಮ್ಮಲ್ಲಿ ಹಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಡ್ಡಿಯಿಂದ ದೂರವಿರಿ ಎಂದು ಪ್ರವಚನದಲ್ಲಿ ಹೇಳುವುದು ಸುಲಭ. ಆ ಏಪ್ರಿಲ್‌ನಲ್ಲಿ ಬಡ್ಡಿಯಿಲ್ಲದೆ ಕೊಡುವವರು ಎಷ್ಟು ಜನ ಮುಂದೆ ಬಂದರು ಎಂಬ ಪ್ರಶ್ನೆಯನ್ನೂ ಅದೇ ಉಸಿರಿನಲ್ಲಿ ಕೇಳಬೇಕಲ್ಲವೇ?

ಇಷ್ಟು ಓದಿದ ಮೇಲೆ ಒಂದು ಕೆಲಸ ಮಾಡಿ. 2021ರ ಆಗಸ್ಟ್ 26ರಂದು ಕೇಂದ್ರ ಸರ್ಕಾರ ಅಸಂಘಟಿತ ಕೆಲಸಗಾರರಿಗಾಗಿ ಇ-ಶ್ರಮ್ ಎಂಬ ನೋಂದಣಿ ಆರಂಭಿಸಿತು. 16ರಿಂದ 59 ವರ್ಷದವರು, ಪಿ.ಎಫ್. ಅಥವಾ ಇ.ಎಸ್.ಐ. ಇಲ್ಲದವರು, ಆದಾಯ ತೆರಿಗೆ ಕಟ್ಟದವರು ಹೆಸರು ಬರೆಸಬಹುದು. ಗಂಡನ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲಿ. ಕಾರ್ಡ್ ಸಿಕ್ಕ ಮರುದಿನವೇ ಹಣ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಪಟ್ಟಿ ಅಷ್ಟೇ. ಆದರೆ ಮುಂದಿನ ಸಲ ಬಾಗಿಲು ಮುಚ್ಚಿದಾಗ ಮೊದಲು ಹುಡುಕುವುದು ಪಟ್ಟಿಯನ್ನೇ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಮೊಬೈಲ್ ತೆಗೆದುಕೊಂಡು ಹತ್ತಿರದ ಸೇವಾ ಕೇಂದ್ರಕ್ಕೆ ಹೋಗಿ. ಕಂಪ್ಯೂಟರಿನ ಹುಡುಗ ತಲೆ ಎತ್ತದೆ "ಏನು ಕೆಲಸ?" ಎಂದು ಕೇಳುತ್ತಾನೆ, ನೀವು ಬಾಯಿ ತೆರೆಯುವ ಮೊದಲೇ ಗೃಹಿಣಿ ಎಂದು ಒತ್ತಲು ಹೋಗುತ್ತಾನೆ. ಅವನನ್ನು ತಡೆದು, ಕಂಡಿಕೆ ಸುತ್ತುವುದು ಎನ್ನಿ. ಅಥವಾ ಉಣ್ಣೆ ನೂಲುವುದು, ಹೊಲಿಗೆ, ಏನು ಮಾಡುತ್ತೀರೋ ಅದನ್ನೇ ಹೇಳಿ, ಅವನು ಬರೆದದ್ದನ್ನು ಓದಿಸಿ ಕೇಳಿಕೊಂಡು ಬನ್ನಿ.